ಒಂದು ರೇಖೆಯ ನೆರವು

ಒಂದು ಸಮದ್ವಿಬಾಹು ತ್ರಿಭುಜವಿದೆ. ಅದರ ತುದಿಯ ಕೋನ 20 ಡಿಗ್ರಿ, ಪಾದದ ಎರಡೂ ಕೋನಗಳು ತಲಾ 80 ಡಿಗ್ರಿ. ತುದಿಗೆ ‘ಅ’ ಎಂದು, ಪಾದದ ಎರಡು ಕೊನೆಗಳಿಗೆ ‘ಬ’ ಮತ್ತು ‘ಕ’ ಎಂದು ಹೆಸರಿಡೋಣ. ‘ಬ’ದಿಂದ ಪಾದಕ್ಕೆ 60 ಡಿಗ್ರಿ ಕೋನದಲ್ಲಿ ಹೊರಟ ರೇಖೆ ಎದುರಿನ ಬಾಹುವನ್ನು ‘ಚ’ ಎಂಬಲ್ಲಿ ಸಂಧಿಸುತ್ತದೆ. ‘ಕ’ದಿಂದ ಪಾದಕ್ಕೆ 50 ಡಿಗ್ರಿ ಕೋನದಲ್ಲಿ ಹೊರಟ ರೇಖೆ ತನ್ನೆದುರಿನ ಬಾಹುವನ್ನು ‘ಪ’ ಎಂಬಲ್ಲಿ ಸಂಧಿಸುತ್ತದೆ. ‘ಚ’ ಮತ್ತು ‘ಪ’ಗಳನ್ನು ಸೇರಿಸಿದರೆ ಬಚಪ ಕೋನ ಎಷ್ಟು?

ಒಂಬತ್ತನೇ ತರಗತಿಯ ಮಕ್ಕಳಿಗೂ ಅರ್ಥವಾಗುವ ಪ್ರಶ್ನೆ ಇದು. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ, ಸರಳರೇಖೆಯ ಮೇಲೆ ಪಕ್ಕಪಕ್ಕದಲ್ಲಿರುವ ಕೋನಗಳ ಮೊತ್ತವೂ 180 ಡಿಗ್ರಿ. ಇಷ್ಟು ಗೊತ್ತಿದ್ದರೆ ಸಾಕೆನಿಸುತ್ತದೆ. ಬೇಕಾದ ಕೋನವನ್ನು ಎಕ್ಸ್ ಎಂದೂ ಕಪಚ ಕೋನವನ್ನು ವೈ ಎಂದೂ ಇಟ್ಟುಕೊಂಡು ಹೊರಟರೆ ಎಕ್ಸ್ + ವೈ = 110 ಎಂಬ ಸಮೀಕರಣ ಬೇಗನೆ ಸಿಗುತ್ತದೆ. ಇನ್ನೊಂದು ಸಮೀಕರಣ ಸಿಕ್ಕರೆ ಲೆಕ್ಕ ಮುಗಿಯಿತು. ಮೇಲಿನ ಪುಟ್ಟ ತ್ರಿಭುಜದಿಂದ ಹೊರಟು ನೋಡಿದರೆ ಮತ್ತೆ ಅದೇ 110. ಕೆಳಗಿನ ಚತುರ್ಭುಜದ ನಾಲ್ಕು ಕೋನಗಳನ್ನು ಕೂಡಿ 360ಕ್ಕೆ ಸರಿಗಟ್ಟಿದರೂ ಅದೇ 110. ಎಲ್ಲಿಂದ ಹೊರಟರೂ ಅದೇ ಸಮೀಕರಣ ಬೇರೆ ಬೇರೆ ವೇಷದಲ್ಲಿ ಬಂದು ನಿಲ್ಲುತ್ತದೆ. ಒಂದೊಂದು ಹೆಜ್ಜೆಯೂ ಸರಿಯಾಗಿದೆ, ಆದರೆ ಉತ್ತರ ಮಾತ್ರ ಸಿಗುವುದಿಲ್ಲ.

ಇಂಗ್ಲೆಂಡಿನ ಎಡ್ವರ್ಡ್ ಲ್ಯಾಂಗ್ಲಿ 1922ರಲ್ಲಿ ‘ಮ್ಯಾಥಮ್ಯಾಟಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಮಸ್ಯೆ ಇದು. ಜೇಮ್ಸ್ ಮರ್ಸರ್ ಕೊಟ್ಟ ಸೊಗಸಾದ ಪರಿಹಾರ ಬಂದದ್ದು ಮರುವರ್ಷ. ಇಂದು ಇದೇ ಸಮಸ್ಯೆಯಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿ ಮೊಬೈಲ್ ತೆಗೆದು ಹುಡುಕಿದರೆ ಕೆಲವೇ ಸೆಕೆಂಡುಗಳಲ್ಲಿ ಉತ್ತರ ಸಿಗುತ್ತದೆ: 30 ಡಿಗ್ರಿ.

ಆ 30 ಕೈಗೆ ಬಂದ ಮೇಲೆ ವಿದ್ಯಾರ್ಥಿಗೆ ದಕ್ಕಿದ್ದೇನು? ಆನ್‌ಲೈನಿನಲ್ಲಿ ಗಣಿತದ ನೆರವು ಹುಡುಕುವ ಮಕ್ಕಳು, ನೆರವು ಕೊಡುವವರು, ಅದಕ್ಕಾಗಿ ತಂತ್ರಾಂಶ ಕಟ್ಟುವವರು ಎಲ್ಲರೂ ಮೂವತ್ತು ವರ್ಷಗಳಿಂದ ಎದುರಿಸುತ್ತಿರುವ ಪ್ರಶ್ನೆ ಇದೇ.

ರಚನೆ ಎಂಬ ಮೂರನೇ ಮೆಟ್ಟಿಲು

ನಮ್ಮ ಪ್ರೌಢಶಾಲೆಗಳಲ್ಲಿ ರೇಖಾಗಣಿತದ ಪ್ರಮೇಯವನ್ನು ನಾಲ್ಕು ಭಾಗಗಳಲ್ಲಿ ಬರೆಸುತ್ತಾರೆ: ದತ್ತ, ಸಾಧನೀಯ, ರಚನೆ, ಸಾಧನೆ. ದತ್ತವೂ ಸಾಧನೀಯವೂ ಪ್ರಶ್ನೆಯಲ್ಲೇ ಇರುತ್ತವೆ. ಸಾಧನೆ ಎಂದರೆ ಗೊತ್ತಿರುವ ನಿಯಮಗಳನ್ನು ಒಂದರ ಕೆಳಗೊಂದು ಜೋಡಿಸುವ ಕೆಲಸ, ಅಭ್ಯಾಸವಿದ್ದರೆ ಬರುತ್ತದೆ. ಕಷ್ಟವಿರುವುದು ರಚನೆಯಲ್ಲಿ. ಚಿತ್ರದಲ್ಲಿ ಇಲ್ಲದ ಒಂದು ರೇಖೆಯನ್ನು ಎಳೆಯಬೇಕು. ಎಲ್ಲಿಂದ ಎಳೆಯಬೇಕು, ಏಕೆ ಎಳೆಯಬೇಕು ಎಂದು ಪ್ರಶ್ನೆಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಹತ್ತನೇ ತರಗತಿಯಲ್ಲಿ ಥೇಲ್ಸ್‌ನ ಪ್ರಮೇಯ ಸಾಧಿಸುವಾಗ ಎರಡು ರೇಖೆಗಳನ್ನು ಸೇರಿಸಿ ಎರಡು ಲಂಬಗಳನ್ನು ಎಳೆಯುತ್ತಾರೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಆ ಲಂಬಗಳು ಮೊದಲು ಯಾರಿಗೋ ಹೇಗೆ ಹೊಳೆದವು ಎಂಬುದು ಪಾಠದಲ್ಲಿ ಬರುವುದೇ ಅಪರೂಪ.

ಲ್ಯಾಂಗ್ಲಿಯ ಸಮಸ್ಯೆಯಲ್ಲೂ ಬೇಕಾದದ್ದು ಒಂದೇ ರಚನೆ. ‘ಬ’ದಿಂದ ಪಾದಕ್ಕೆ 20 ಡಿಗ್ರಿ ಕೋನದಲ್ಲಿ ಒಂದು ರೇಖೆ ಎಳೆದು, ಅದು ಅಕ ಬಾಹುವನ್ನು ಸಂಧಿಸುವ ಬಿಂದುವಿಗೆ ‘ಗ’ ಎನ್ನಬೇಕು. ಬಕಗ ತ್ರಿಭುಜದ ಕೋನಗಳು 20, 80, 80. ಆದ್ದರಿಂದ ಬಗ ಮತ್ತು ಬಕ ಸಮ. ಬಕಪ ತ್ರಿಭುಜದ ಕೋನಗಳು 80, 50, 50. ಆದ್ದರಿಂದ ಬಪ ಮತ್ತು ಬಕ ಸಮ. ಅಲ್ಲಿಗೆ ಬಗ, ಬಪ ಎರಡೂ ಸಮವಾದವು, ಅವುಗಳ ನಡುವಿನ ಕೋನ 60. ಎಂದರೆ ಬಗಪ ಒಂದು ಸಮಬಾಹು ತ್ರಿಭುಜ. ಇನ್ನು ಬಗಚ ತ್ರಿಭುಜದಲ್ಲಿ ಎರಡು ಕೋನಗಳು ತಲಾ 40, ಹಾಗಾಗಿ ಗಚ ಕೂಡ ಬಗಕ್ಕೆ ಸಮ. ಗಪ, ಗಚ ಸಮವಾಗಿ ನಡುವಿನ ಕೋನ 40 ಆದ್ದರಿಂದ ಗಚಪ ಕೋನ 70. ಅದರಲ್ಲಿ 40 ಕಳೆದರೆ 30.

ರೇಖೆ ಸಿಕ್ಕ ಮೇಲೆ ಉಳಿದದ್ದೆಲ್ಲ ಎಂಟನೇ ತರಗತಿಯ ಗಣಿತ. ವಿದ್ಯಾರ್ಥಿಗೆ ಬೇಕಾಗಿದ್ದ ನೆರವು ಇಷ್ಟೇ: ಆ ಒಂದು ರೇಖೆ, ಅಥವಾ ಆ ರೇಖೆಯತ್ತ ತಿರುಗಿಸುವ ಒಂದು ಮಾತು. ಕೋನಗಳ ಮೊತ್ತ ಬಿಟ್ಟು ಬಾಹುಗಳ ಉದ್ದ ನೋಡು, ಸಮದ್ವಿಬಾಹು ತ್ರಿಭುಜ ಎಲ್ಲೆಲ್ಲಿ ಅಡಗಿದೆ ಹುಡುಕು ಎಂದರೆ ಸಾಕು, ಚುರುಕಾದ ಮಕ್ಕಳು ರೇಖೆಯನ್ನು ತಾವೇ ಎಳೆಯುತ್ತಾರೆ. ನೆರವು ಅದಕ್ಕಿಂತ ಮುಂದೆ ಹೋದಷ್ಟೂ ವಿದ್ಯಾರ್ಥಿಗೆ ಉಳಿಯುವ ಕೆಲಸ ಕಡಿಮೆಯಾಗುತ್ತದೆ. ಗಣಿತ ಬೋಧನೆಯ ಬಗ್ಗೆ ಇಂದಿಗೂ ಓದಲಾಗುವ ‘ಹೌ ಟು ಸಾಲ್ವ್ ಇಟ್’ ಪುಸ್ತಕದಲ್ಲಿ (1945) ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯಾ ಒತ್ತಿ ಹೇಳಿದ್ದೂ ಇದನ್ನೇ. ಶಿಕ್ಷಕ ನೆರವಾಗಬೇಕು, ಆದರೆ ವಿದ್ಯಾರ್ಥಿಯ ಪಾಲಿಗೆ ತಕ್ಕಷ್ಟು ಕೆಲಸ ಉಳಿಯುವಂತೆ ನೆರವಾಗಬೇಕು ಎಂಬುದು ಅವರ ನಿಲುವು.

ಪತ್ರಿಕೆಯಿಂದ ಪರದೆಗೆ

ಬಗೆಹರಿಯದ ಲೆಕ್ಕವನ್ನು ಅಪರಿಚಿತರ ಮುಂದಿಡುವ ರೂಢಿ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಶ್ರೀನಿವಾಸ ರಾಮಾನುಜನ್ 1911ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಗೆ ಒಂದು ಪ್ರಶ್ನೆ ಕಳಿಸಿದರು. ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಮತ್ತೊಂದು ವರ್ಗಮೂಲ, ಹೀಗೆ ಕೊನೆಯಿಲ್ಲದೆ ಸಾಗುವ ಒಂದು ಬೀಜೋಕ್ತಿಯ ಬೆಲೆ ಎಷ್ಟು ಎಂಬುದು ಪ್ರಶ್ನೆ. ತಿಂಗಳುಗಟ್ಟಲೆ ಕಾದರೂ ಓದುಗರಿಂದ ಪರಿಹಾರ ಬರಲಿಲ್ಲ. ಕೊನೆಗೆ ರಾಮಾನುಜನ್ ಅವರೇ ಕೊಟ್ಟರು: ಆ ಬೆಲೆ 3. ಆ ಪತ್ರಿಕೆಗೆ ಅವರು ಕಳಿಸಿದ ಇಂಥ ಪ್ರಶ್ನೆಗಳು 58.

ಶಾಲಾ ಮಕ್ಕಳಿಗೆ ಈ ಬಾಗಿಲು ತೆರೆದದ್ದು 1994ರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ‘ಆಸ್ಕ್ ಡಾಕ್ಟರ್ ಮ್ಯಾಥ್’ ಎಂಬ ಸೇವೆ ಶುರುವಾಯಿತು. ಮಕ್ಕಳು ಇಮೇಲ್‌ನಲ್ಲಿ ಪ್ರಶ್ನೆ ಕಳಿಸಬೇಕು, ‘ಗಣಿತ ಡಾಕ್ಟರು’ಗಳು ಉತ್ತರ ಬರೆಯಬೇಕು. ಮೊದಲು ಈ ಡಾಕ್ಟರುಗಳಾಗಿದ್ದವರು ಅದೇ ಕಾಲೇಜಿನ ವಿದ್ಯಾರ್ಥಿಗಳು. ಬರಬರುತ್ತ ಬೇರೆ ಬೇರೆ ಊರುಗಳ ಶಿಕ್ಷಕರು, ಎಂಜಿನಿಯರುಗಳು, ಗಣಿತ ಪ್ರೇಮಿಗಳು ಸಂಬಳವಿಲ್ಲದೆ ಸೇರಿಕೊಂಡರು. ಅವರ ಉತ್ತರಗಳಲ್ಲಿ ಅವಸರವಿರಲಿಲ್ಲ. ನೀನು ಎಲ್ಲಿಯವರೆಗೆ ಬಂದೆ, ಚಿತ್ರ ಬರೆದೆಯಾ, ಇದಕ್ಕಿಂತ ಸಣ್ಣ ಸಂಖ್ಯೆಯಲ್ಲಿ ಪ್ರಯತ್ನಿಸಿದೆಯಾ ಎಂದು ಕೇಳಿ, ಒಂದು ಹೆಜ್ಜೆ ತೋರಿಸಿ, ಮುಂದಿನದನ್ನು ಮಗುವಿಗೇ ಬಿಡುತ್ತಿದ್ದರು. ಒಳ್ಳೆಯ ಪ್ರಶ್ನೋತ್ತರಗಳನ್ನು ಕೂಡಿಟ್ಟು ಎಲ್ಲರೂ ಓದುವಂತೆ ಮಾಡಿದರು.

ಹತ್ತು ವರ್ಷಗಳ ನಂತರ ಬಾಸ್ಟನ್ನಿನಲ್ಲಿ ಹಣಕಾಸು ವಿಶ್ಲೇಷಕರಾಗಿದ್ದ ಸಲ್ಮಾನ್ ಖಾನ್ ದೂರದ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ನೆಂಟರ ಹುಡುಗಿ ನಾಡಿಯಾಗೆ ಫೋನು ಮತ್ತು ಕಂಪ್ಯೂಟರಿನ ಮೂಲಕ ಗಣಿತ ಹೇಳಿಕೊಡತೊಡಗಿದರು. ಆಕೆಗೆ ಕಷ್ಟವಾಗಿದ್ದದ್ದು ಅಳತೆಯ ಮಾನಗಳ ಪರಿವರ್ತನೆ. ಉಳಿದ ನೆಂಟರ ಮಕ್ಕಳೂ ಕೇಳತೊಡಗಿದಾಗ 2006ರಲ್ಲಿ ಪಾಠಗಳನ್ನು ಯೂಟ್ಯೂಬಿಗೆ ಹಾಕಿದರು. ಖಾನ್ ಅಕಾಡೆಮಿ ಬೆಳೆದದ್ದು ಹೀಗೆ. ಅದರ ಗಣಿತ ಪಾಠಗಳು ಈಗ ಕನ್ನಡದಲ್ಲೂ ಸಿಗುತ್ತವೆ.

ಪಠ್ಯವನ್ನು ಮೀರಿದ ಕಠಿಣ ಸಮಸ್ಯೆಗಳಿಗೆ ಬೇರೆ ತಾಣಗಳು ಹುಟ್ಟಿದವು. ರಿಚರ್ಡ್ ರುಸಿಕ್ ಮತ್ತು ಸ್ಯಾಂಡರ್ ಲೆಹೋಚ್ಕಿ 1993ರಲ್ಲಿ ‘ದಿ ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್’ ಪುಸ್ತಕ ಬರೆದರು. 2003ರಲ್ಲಿ ರುಸಿಕ್ ಅದೇ ಹೆಸರಿನಲ್ಲಿ ಜಾಲತಾಣ ಆರಂಭಿಸಿದರು. ಒಲಿಂಪಿಯಾಡ್‌ಗೆ ಓದುವ ಜಗತ್ತಿನ ಮಕ್ಕಳೆಲ್ಲ ಇಂದು ಅಲ್ಲಿ ಸೇರುತ್ತಾರೆ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಮಾತ್ರವಲ್ಲದೆ ಭಾರತದ ಪ್ರಾದೇಶಿಕ ಮತ್ತು ರಾಷ್ಟ್ರೀಯ ಒಲಿಂಪಿಯಾಡ್‌ಗಳ ಹಳೆಯ ಪ್ರಶ್ನೆಗಳೂ ಅವುಗಳ ಕೆಳಗೆ ಹಲವು ಬಗೆಯ ಪರಿಹಾರಗಳೂ ಅಲ್ಲಿವೆ. ಒಂದು ರೇಖಾಗಣಿತದ ಪ್ರಶ್ನೆಗೆ ಒಬ್ಬರು ವೃತ್ತ ಬಳಸಿ, ಇನ್ನೊಬ್ಬರು ನಿರ್ದೇಶಾಂಕ ಬಳಸಿ, ಮತ್ತೊಬ್ಬರು ತ್ರಿಕೋನಮಿತಿ ಬಳಸಿ ಉತ್ತರ ಬರೆದಿರುತ್ತಾರೆ. ಅದನ್ನು ಓದುವುದೇ ಒಂದು ಪಾಠ.

ಆ ತಾಣದಲ್ಲಿರುವ ಒಂದು ಚಿಕ್ಕ ಏರ್ಪಾಡು ಗಮನಿಸುವಂಥದು. ಪರಿಹಾರವನ್ನು ಅಥವಾ ಸುಳಿವನ್ನು ಮುಚ್ಚಿಟ್ಟು ಬರೆಯಬಹುದು. ಓದುವವರು ಬೇಕೆಂದು ಒತ್ತಿದರೆ ಮಾತ್ರ ತೆರೆದುಕೊಳ್ಳುತ್ತದೆ. ಮೊದಲ ಸುಳಿವು ತೆರೆದು ಅರ್ಧ ಗಂಟೆ ಹೆಣಗಾಡಿ, ಆಮೇಲೂ ಆಗದಿದ್ದರೆ ಎರಡನೆಯದನ್ನು ತೆರೆಯಬಹುದು.

2010ರಲ್ಲಿ ಆರಂಭವಾದ ಮ್ಯಾಥಮ್ಯಾಟಿಕ್ಸ್ ಸ್ಟ್ಯಾಕ್ ಎಕ್ಸ್‌ಚೇಂಜ್‌ನ ಶಿಸ್ತು ಇನ್ನೂ ಬಿಗಿ. ಪಠ್ಯದ ಪ್ರಶ್ನೆಯನ್ನು ಹಾಗೇ ನಕಲು ಮಾಡಿ ಹಾಕಿದರೆ ಅದನ್ನು ಮುಚ್ಚಿಬಿಡುತ್ತಾರೆ. ಈ ಪ್ರಶ್ನೆ ಎಲ್ಲಿಂದ ಬಂತು, ನೀವು ಏನು ಪ್ರಯತ್ನಿಸಿದಿರಿ, ಎಲ್ಲಿ ನಿಂತಿರಿ ಎಂದು ಬರೆಯಬೇಕು. ಹೊಸಬರಿಗೆ ಇದು ಒರಟಾಗಿ ಕಾಣುತ್ತದೆ, ಕೆಲವರು ಮುನಿಸಿಕೊಂಡು ಹೋಗುವುದೂ ಉಂಟು. ಆದರೆ ತಾನು ಎಲ್ಲಿ ನಿಂತೆ ಎಂದು ಬರೆಯಲು ಕುಳಿತ ವಿದ್ಯಾರ್ಥಿಗೆ ಬರೆಯುವಾಗಲೇ ದಾರಿ ಹೊಳೆದು, ಪ್ರಶ್ನೆ ಕಳಿಸುವ ಅಗತ್ಯವೇ ಇಲ್ಲವಾಗುವುದೂ ಇದೆ. ನಡೆಯುತ್ತಿರುವ ಸ್ಪರ್ಧೆಯ ಪ್ರಶ್ನೆಗಳಿಗೆ ಇಂಥ ತಾಣಗಳಲ್ಲಿ ಉತ್ತರಿಸುವುದಿಲ್ಲ.

ಕೂಡಿ ಯೋಚಿಸುವುದರ ಫಲವನ್ನೂ ಈ ಜಗತ್ತು ತೋರಿಸಿಕೊಟ್ಟಿದೆ. 2011ರ ಅಂತರರಾಷ್ಟ್ರೀಯ ಒಲಿಂಪಿಯಾಡ್ ನೆದರ್‌ಲೆಂಡ್ಸ್‌ನಲ್ಲಿ ನಡೆದಾಗ ಎರಡನೇ ಪ್ರಶ್ನೆ ಗಾಳಿಯಂತ್ರದ ರೆಕ್ಕೆಯ ಹಾಗೆ ಬಿಂದುವಿನಿಂದ ಬಿಂದುವಿಗೆ ದಾಟುತ್ತ ತಿರುಗುವ ರೇಖೆಯೊಂದರ ಬಗ್ಗೆ ಇತ್ತು. ಫೀಲ್ಡ್ಸ್ ಪದಕ ಪಡೆದ ಗಣಿತಜ್ಞ ಟೆರೆನ್ಸ್ ಟಾವ್ ಸ್ಪರ್ಧೆ ಮುಗಿದ ಮೇಲೆ ಅದನ್ನು ಆನ್‌ಲೈನಿನಲ್ಲಿ ಎಲ್ಲರ ಮುಂದಿಟ್ಟು, ಒಬ್ಬರೇ ಬಿಡಿಸದೆ ತೋಚಿದ ತುಣುಕನ್ನು ಮಾತ್ರ ಹಂಚಿಕೊಳ್ಳಿ ಎಂದು ಕೇಳಿಕೊಂಡರು. ಸೋತ ಪ್ರಯತ್ನಗಳೂ ಅರೆಬರೆ ಊಹೆಗಳೂ ಸೇರಿ ಪರಿಹಾರ ಮೂಡಿತು. ದೊಡ್ಡ ಗಣಿತಜ್ಞರೂ ತಡವರಿಸುತ್ತಾರೆ, ತಪ್ಪು ದಾರಿ ಹಿಡಿದು ಹಿಂತಿರುಗುತ್ತಾರೆ ಎಂಬುದನ್ನು ಶಾಲಾ ಮಕ್ಕಳು ನೇರವಾಗಿ ನೋಡುವ ಅವಕಾಶ ಅದು.

ಫೋಟೊ ತೆಗೆದರೆ ಉತ್ತರ

2014ರಲ್ಲಿ ಕ್ರೊಯೇಷಿಯಾದಿಂದ ಫೋಟೊಮ್ಯಾಥ್ ಎಂಬ ಆ್ಯಪ್ ಬಂತು. ಸಮೀಕರಣದ ಮೇಲೆ ಕ್ಯಾಮೆರಾ ಹಿಡಿದರೆ ಬಿಡಿಸಿದ ಹೆಜ್ಜೆಗಳೆಲ್ಲ ಪರದೆಯ ಮೇಲೆ ಮೂಡುತ್ತವೆ. ಮುಂದೆ ಅದನ್ನು ಗೂಗಲ್ ಕೊಂಡುಕೊಂಡಿತು. ಭಾರತದಲ್ಲಿ ದೆಹಲಿ ಐಐಟಿಯಲ್ಲಿ ಓದಿದ ತನುಶ್ರೀ ನಾಗೋರಿ ಮತ್ತು ಆದಿತ್ಯ ಶಂಕರ್ ‘ಡೌಟ್‌ನಟ್’ ಕಟ್ಟಿದರು. ಪ್ರಶ್ನೆಯ ಫೋಟೊ ಕಳಿಸಿದರೆ ಪರಿಹಾರದ ವಿಡಿಯೊ ಬರುತ್ತದೆ. ಕೋಟಾದ ಅಲೆನ್ ಸಂಸ್ಥೆ 2023ರಲ್ಲಿ ಅದನ್ನು ಖರೀದಿಸಿತು. ಅಮೆರಿಕದ ‘ಚೆಗ್’ ಕಂಪನಿ ತಿಂಗಳ ಚಂದಾ ಪಡೆದು ಹೋಂವರ್ಕ್ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿತ್ತು. ಆ ಉತ್ತರಗಳನ್ನು ಬರೆಯುತ್ತಿದ್ದವರಲ್ಲಿ ಸಾವಿರಾರು ಮಂದಿ ಭಾರತದ ಪದವೀಧರರು. ಚಾಟ್‌ಜಿಪಿಟಿ ಬಂದು ಅರ್ಧ ವರ್ಷವಾಗುವಷ್ಟರಲ್ಲಿ, 2023ರ ಮೇ ತಿಂಗಳಲ್ಲಿ, ಒಂದೇ ದಿನ ಚೆಗ್‌ನ ಷೇರು ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು.

ಇಂಥ ಆ್ಯಪ್‌ಗಳು ಕೊಡುವ ನೆರವು ಹೇಗಿರುತ್ತದೆ ಎಂದು ತಿಳಿಯಲು ಬೀಜಗಣಿತದ ಒಂದು ಉದಾಹರಣೆ ನೋಡಬಹುದು. ಎಕ್ಸ್ + 1/ಎಕ್ಸ್ = 3 ಎಂದು ಕೊಟ್ಟಿದೆ. ಎಕ್ಸ್‌ನ ಐದನೇ ಘಾತ ಮತ್ತು 1/ಎಕ್ಸ್‌ನ ಐದನೇ ಘಾತ, ಇವೆರಡರ ಮೊತ್ತ ಎಷ್ಟು?

ಕೊಟ್ಟದ್ದನ್ನು ವರ್ಗ ಸಮೀಕರಣವಾಗಿ ಬರೆದು, ಸೂತ್ರ ಹಾಕಿ, 5ರ ವರ್ಗಮೂಲವಿರುವ ಎರಡು ಬೆಲೆಗಳನ್ನು ಕಂಡುಹಿಡಿದು, ಅವನ್ನು ಐದನೇ ಘಾತಕ್ಕೆ ಏರಿಸಿ ಕೂಡಬಹುದು. ಲೆಕ್ಕಯಂತ್ರಕ್ಕೆ ಅದು ಸುಲಭ, ಮನುಷ್ಯರಿಗೆ ಒಂದು ಪುಟದ ಕಷ್ಟ. ಒಳ್ಳೆಯ ಶಿಕ್ಷಕಿ ಆ ದಾರಿ ಹಿಡಿಯುವುದಿಲ್ಲ. ಎಕ್ಸ್‌ನ ಬೆಲೆ ನಿಜವಾಗಿ ಬೇಕೇ ಎಂದು ಮೊದಲು ಕೇಳುತ್ತಾರೆ. ಕೊಟ್ಟ ಸಮೀಕರಣದ ಎರಡೂ ಬದಿಯನ್ನು ವರ್ಗ ಮಾಡಿ ನೋಡು ಎನ್ನುತ್ತಾರೆ. ಅಷ್ಟು ಹೇಳಿದರೆ ವರ್ಗಗಳ ಮೊತ್ತ 7 ಎಂದು ಸಿಗುತ್ತದೆ. ಘನ ಮಾಡಿದರೆ ಘನಗಳ ಮೊತ್ತ 18. 7 ಮತ್ತು 18ನ್ನು ಗುಣಿಸಿದರೆ 126. ಆ ಗುಣಲಬ್ಧದಲ್ಲಿ ನಮಗೆ ಬೇಕಾದ ಐದನೇ ಘಾತಗಳ ಮೊತ್ತದ ಜೊತೆಗೆ ಮೊದಲಿನ 3 ಕೂಡ ಸೇರಿದೆ. ಅದನ್ನು ಕಳೆದರೆ 123.

ಈ ದಾರಿಯಲ್ಲಿ ಬಂದವರಿಗೆ ಏಳನೇ ಘಾತ ಕೇಳಿದರೂ ಹೆದರಿಕೆಯಿಲ್ಲ. ನಾಲ್ಕನೇ ಘಾತಗಳ ಮೊತ್ತ 47, ಅದನ್ನು 18ರಿಂದ ಗುಣಿಸಿ 3 ಕಳೆದರೆ 843. ಎರಡು ದಾರಿಗಳೂ 123ಕ್ಕೇ ತಲುಪುತ್ತವೆ. ಆದರೆ ಎರಡನೆಯ ದಾರಿಯಲ್ಲಿ ನಡೆದ ಮಗುವಿಗೆ ಮುಂದಿನ ಹತ್ತು ಲೆಕ್ಕಗಳ ಬೀಗದ ಕೈಯೂ ಸಿಕ್ಕಿರುತ್ತದೆ.

ಯಂತ್ರ ಎಳೆದ ರೇಖೆ

ರೇಖಾಗಣಿತ ಬಹಳ ಕಾಲ ಯಂತ್ರಗಳಿಗೆ ಒಗ್ಗಲಿಲ್ಲ. ಕಾರಣ ಅದೇ ರಚನೆ. ನಿಯಮದಿಂದ ನಿಯಮಕ್ಕೆ ಹೋಗುವುದು ಯಂತ್ರಕ್ಕೆ ಸಲೀಸು, ಇಲ್ಲದ ರೇಖೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. 2024ರ ಜನವರಿಯಲ್ಲಿ ಗೂಗಲ್ ಡೀಪ್‌ಮೈಂಡ್ ‘ನೇಚರ್’ ಪತ್ರಿಕೆಯಲ್ಲಿ ಆಲ್ಫಾಜಿಯಾಮೆಟ್ರಿ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಅದರಲ್ಲಿ ಎರಡು ಭಾಗ. ಒಂದು ಭಾಗ ತರ್ಕದಿಂದ ಸಾಧಿಸುತ್ತ ಹೋಗುತ್ತದೆ. ಅದು ಸಿಕ್ಕಿಕೊಂಡಾಗ ಎರಡನೆಯ ಭಾಗವಾದ ಭಾಷಾ ಮಾದರಿ ಹೊಸ ಬಿಂದುವನ್ನೋ ರೇಖೆಯನ್ನೋ ಸೂಚಿಸುತ್ತದೆ. ಆಮೇಲೆ ತರ್ಕ ಮತ್ತೆ ಮುಂದುವರಿಯುತ್ತದೆ. ಸಾಧನೆ ಒಬ್ಬರದು, ರಚನೆ ಇನ್ನೊಬ್ಬರದು ಎಂಬಂತೆ. ಒಲಿಂಪಿಯಾಡ್ ಮಟ್ಟದ 30 ರೇಖಾಗಣಿತ ಸಮಸ್ಯೆಗಳಲ್ಲಿ ಅದು 25ನ್ನು ಬಿಡಿಸಿತು. 2025ರಲ್ಲಿ ಗೂಗಲ್ ಮತ್ತು ಓಪನ್‌ಎಐ ಎರಡರ ಮಾದರಿಗಳೂ ಅಂತರರಾಷ್ಟ್ರೀಯ ಒಲಿಂಪಿಯಾಡ್‌ನ ಆರು ಪ್ರಶ್ನೆಗಳಲ್ಲಿ ಐದನ್ನು ಬಿಡಿಸಿ ಚಿನ್ನದ ಪದಕದ ಮಟ್ಟ ಮುಟ್ಟಿದವು.

ಹಾಗೆಂದು ವಿದ್ಯಾರ್ಥಿಯ ಮೊಬೈಲಿನಲ್ಲಿರುವ ಚಾಟ್‌ಬಾಟ್ ಹೇಳಿದ್ದೆಲ್ಲ ಸರಿಯೆಂದು ನಂಬುವಂತಿಲ್ಲ. ಕೈಯಲ್ಲಿ ಬರೆದ ಚಿತ್ರವನ್ನು ಅದು ತಪ್ಪಾಗಿ ಓದುವುದುಂಟು. ಇಲ್ಲದ ಲಂಬಕೋನವನ್ನು ಇದೆಯೆಂದುಕೊಂಡು ನಿರರ್ಗಳವಾಗಿ ತಪ್ಪು ಸಾಧನೆ ಬರೆಯುವುದುಂಟು. ಆದ್ದರಿಂದ ಪರೀಕ್ಷಿಸುವ ಉಪಾಯ ವಿದ್ಯಾರ್ಥಿಯ ಬಳಿ ಇರಬೇಕು. ಬೀಜಗಣಿತದಲ್ಲಾದರೆ ಬಂದ ಬೆಲೆಯನ್ನು ಮೂಲ ಸಮೀಕರಣಕ್ಕೆ ಆದೇಶಿಸಿ ನೋಡಬಹುದು. ರೇಖಾಗಣಿತಕ್ಕೆ ಜಿಯೋಜೀಬ್ರಾ ಇದೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 2001ರಲ್ಲಿ ಆರಂಭಿಸಿದ ಈ ತಂತ್ರಾಂಶದಲ್ಲಿ ಚಿತ್ರವನ್ನು ಕರಾರುವಾಕ್ಕಾಗಿ ಬರೆದು ಕೋನ ಅಳೆಯಬಹುದು. ಲ್ಯಾಂಗ್ಲಿಯ ತ್ರಿಭುಜ ಬರೆದರೆ 30 ಡಿಗ್ರಿ ಎಂದು ತೋರಿಸುತ್ತದೆ. ಅದು ಸಾಧನೆಯಾಗುವುದಿಲ್ಲ, ಆದರೆ ಯಾರೋ 40 ಎಂದು ಸಾಧಿಸಿ ಕೊಟ್ಟರೆ ಅದನ್ನು ನಂಬದಿರಲು ಸಾಕು.

ಇದಕ್ಕಿಂತ ದೊಡ್ಡ ಎಚ್ಚರಿಕೆ ಟರ್ಕಿಯಿಂದ ಬಂದಿದೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಗಣಿತದ ಅಭ್ಯಾಸ ಕೊಟ್ಟರು. ಒಂದು ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿಗಳು ಮಾತ್ರ. ಇನ್ನೊಂದು ಗುಂಪಿಗೆ ಮಾಮೂಲಿ ಚಾಟ್‌ಜಿಪಿಟಿಯಂಥ ನೆರವು. ಮೂರನೇ ಗುಂಪಿಗೆ ಶಿಕ್ಷಕರ ಸಲಹೆಯಂತೆ ತಿದ್ದಿದ, ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ನೆರವು. ಅಭ್ಯಾಸದ ಹೊತ್ತಿನಲ್ಲಿ ಎರಡನೇ ಗುಂಪಿನ ಅಂಕ ಮೊದಲ ಗುಂಪಿಗಿಂತ ಶೇಕಡ 48 ಹೆಚ್ಚಿತ್ತು, ಮೂರನೆಯದರದು ಶೇಕಡ 127 ಹೆಚ್ಚಿತ್ತು. ಆಮೇಲೆ ಯಾವ ನೆರವೂ ಇಲ್ಲದೆ ಪರೀಕ್ಷೆ ನಡೆಸಿದರು. ಮಾಮೂಲಿ ಚಾಟ್‌ಬಾಟ್ ಬಳಸಿದ್ದ ಗುಂಪು, ಪುಸ್ತಕ ಮಾತ್ರ ನೋಡಿದ್ದ ಗುಂಪಿಗಿಂತ ಶೇಕಡ 17ರಷ್ಟು ಹಿಂದೆ ಬಿತ್ತು. ಸುಳಿವಿನ ಗುಂಪಿಗೆ ಅಂಥ ನಷ್ಟವಾಗಲಿಲ್ಲ. ಹಿಂದೆ ಬಿದ್ದವರಿಗೆ ತಾವು ಕಡಿಮೆ ಕಲಿತೆವು ಎಂಬ ಅರಿವೂ ಇರಲಿಲ್ಲ.

ಸ್ವಾರ್ತ್‌ಮೋರ್‌ನ ಹುಡುಗರು ಮೂವತ್ತು ವರ್ಷದ ಹಿಂದೆ ತಾಳ್ಮೆಯಿಂದ ಮಾಡುತ್ತಿದ್ದುದರ ಬೆಲೆ ಏನೆಂಬುದನ್ನು ಈ ಅಂಕಿಗಳು ಹೇಳುತ್ತವೆ. ಕಂಪನಿಗಳೂ ಈಗ ಅದನ್ನು ಒಪ್ಪಿಕೊಂಡಂತಿದೆ. ಖಾನ್ ಅಕಾಡೆಮಿಯ ‘ಖಾನ್‌ಮಿಗೊ’ 2023ರಲ್ಲಿ, ಚಾಟ್‌ಜಿಪಿಟಿಯ ಕಲಿಕಾ ವಿಧಾನ 2025ರಲ್ಲಿ ಬಂದವು. ಎರಡೂ ನೇರ ಉತ್ತರದ ಬದಲು ಪ್ರಶ್ನೆ ಕೇಳುತ್ತ ನಡೆಸಿಕೊಂಡು ಹೋಗುವ ಉದ್ದೇಶದವು. ಆದರೆ ಉತ್ತರ ಕೊಟ್ಟುಬಿಡುವ ಇನ್ನೊಂದು ಆ್ಯಪ್ ಅದೇ ಮೊಬೈಲಿನಲ್ಲಿ ಇರುವಾಗ ಸುಳಿವನ್ನು ಆರಿಸಿಕೊಳ್ಳುವ ಮನಸ್ಸು ವಿದ್ಯಾರ್ಥಿಯದೇ ಆಗಬೇಕು.

ಕನ್ನಡದಲ್ಲಿ ಕೇಳುವವರು

ಕರ್ನಾಟಕಕ್ಕೆ ಕಠಿಣ ಗಣಿತದ ನಂಟು ಹೊಸದಲ್ಲ. ಭಾರತ 1989ರಿಂದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಭಾಗವಹಿಸುತ್ತಿದೆ. ಆ ತಂಡಗಳನ್ನು ತಯಾರು ಮಾಡುವ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ಆರ್. ಪ್ರಾಣೇಶಾಚಾರ್, ಬಿ.ಜೆ. ವೆಂಕಟಾಚಲ, ಸಿ.ಎಸ್. ಯೋಗಾನಂದ ಅವರಂಥವರು ವರ್ಷಗಳ ಕಾಲ ದುಡಿದರು. ಪ್ರಾಣೇಶಾಚಾರ್ ಮತ್ತು ವೆಂಕಟಾಚಲ ಸಹಲೇಖಕರಾಗಿರುವ ‘ಚಾಲೆಂಜ್ ಆ್ಯಂಡ್ ಥ್ರಿಲ್ ಆಫ್ ಪ್ರೀ-ಕಾಲೇಜ್ ಮ್ಯಾಥಮ್ಯಾಟಿಕ್ಸ್’ ದೇಶದ ಒಲಿಂಪಿಯಾಡ್ ಆಕಾಂಕ್ಷಿಗಳ ಕೈಪಿಡಿಯಾಗಿದೆ. 2024ರಲ್ಲಿ ಇಂಗ್ಲೆಂಡಿನ ಬಾತ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಭಾರತ ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು.

ಆದರೆ ಮೇಲೆ ಹೇಳಿದ ತಾಣಗಳ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ಹಾವೇರಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಲಂಬಾರ್ಧಕ, ಸ್ಪರ್ಶಕ, ಬಹುಪದೋಕ್ತಿ ಎಲ್ಲವೂ ಗೊತ್ತು. ಅವುಗಳ ಇಂಗ್ಲಿಷ್ ಹೆಸರು ಗೊತ್ತಿಲ್ಲದೆ ಹುಡುಕಾಟ ಅಲ್ಲೇ ನಿಲ್ಲುತ್ತದೆ. ಗಣಿತ ಬಾರದೆ ಅಲ್ಲ, ಪ್ರಶ್ನೆಯನ್ನು ತಲುಪಿಸಲಾಗದೆ ಆ ಮಗು ಹಿಂದೆ ಉಳಿಯುತ್ತದೆ. ಕನ್ನಡದಲ್ಲಿ ಏನೂ ಇಲ್ಲವೆಂದಲ್ಲ. ರಾಜ್ಯದ ಪಠ್ಯಪುಸ್ತಕಗಳಲ್ಲಿರುವ ಕ್ಯುಆರ್ ಕೋಡ್ ದೀಕ್ಷಾ ಪೋರ್ಟಲ್ಲಿನ ಪಾಠಗಳಿಗೆ ಕರೆದೊಯ್ಯುತ್ತದೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯ ‘ಸಂವೇದ’ ಪಾಠಗಳು ಮನೆಮನೆ ತಲುಪಿದವು. ಪ್ರಮೇಯಗಳನ್ನು ಸೊಗಸಾಗಿ ವಿವರಿಸುವ ಕನ್ನಡ ಶಿಕ್ಷಕರು ಯೂಟ್ಯೂಬಿನಲ್ಲಿ ಹಲವರಿದ್ದಾರೆ. ಇವೆಲ್ಲ ಪಾಠಗಳು. ಮಗು ಕೂತು ಕೇಳಿಸಿಕೊಳ್ಳಬಹುದು, ತಿರುಗಿ ಕೇಳಲಾಗದು. ಕೇಳುವುದಕ್ಕೆ ಇರುವುದು ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಶಿಕ್ಷಣ ಇಲಾಖೆ ಮತ್ತು ಪತ್ರಿಕೆಗಳು ನಡೆಸುವ ಫೋನ್-ಇನ್ ಕಾರ್ಯಕ್ರಮ, ಇಲ್ಲವೇ ತಮ್ಮದೇ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪು.

ವಾಟ್ಸ್‌ಆ್ಯಪ್ ಗುಂಪಿನಲ್ಲೇ ಆಗಲಿ, ದೂರದ ತಾಣದಲ್ಲೇ ಆಗಲಿ, ಕೇಳುವ ಬಗೆಯಿಂದ ಸಿಗುವ ನೆರವು ಬದಲಾಗುತ್ತದೆ. ‘ಸರ್, ಈ ಲೆಕ್ಕ ಬರ್ತಿಲ್ಲ, ಕಳ್ಸಿ’ ಎಂದು ಫೋಟೊ ಹಾಕಿದರೆ ಬಿಡಿಸಿದ ಹಾಳೆಯ ಫೋಟೊ ತಿರುಗಿ ಬರುತ್ತದೆ. ‘ಸರ್, ಎಕ್ಸ್ ಪ್ಲಸ್ ವೈ 110 ಅಂತ ಸಿಕ್ಕಿದೆ. ಮೂರು ತ್ರಿಭುಜ ನೋಡಿದೆ, ಎಲ್ಲದರಲ್ಲೂ ಅದೇ ಬರ್ತಿದೆ. ಇನ್ನೊಂದು ಸಮೀಕರಣಕ್ಕೆ ಏನು ನೋಡ್ಬೇಕು?’ ಎಂದು ಕೇಳಿದರೆ ಮೇಷ್ಟರಿಗೆ ಮಗು ನಿಂತಿರುವ ಜಾಗ ಕಾಣುತ್ತದೆ, ಅಲ್ಲಿಂದ ಒಂದು ಹೆಜ್ಜೆ ತೋರಿಸಬಹುದು. ಚಾಟ್‌ಬಾಟ್‌ಗೂ ಇದೇ ಮಾತು ಅನ್ವಯಿಸುತ್ತದೆ. ಪೂರ್ತಿ ಬಿಡಿಸಬೇಡ, ಮೊದಲ ಸುಳಿವು ಮಾತ್ರ ಕೊಡು ಎಂದು ಕನ್ನಡದಲ್ಲೇ ಬರೆದರೂ ಅದು ಸಾಮಾನ್ಯವಾಗಿ ಹಾಗೇ ಮಾಡುತ್ತದೆ. ಪರಿಹಾರ ನೋಡಿದ ಮೇಲೆ ಪುಸ್ತಕ ಮುಚ್ಚಿ ಮೊದಲಿನಿಂದ ತಾನೇ ಬರೆಯುವುದು, ಮಾರನೆಯ ದಿನ ಸಂಖ್ಯೆಗಳನ್ನು ಬದಲಿಸಿ ಮತ್ತೆ ಬಿಡಿಸುವುದು, ಇವೆರಡನ್ನು ರೂಢಿ ಮಾಡಿಕೊಂಡರೆ ನೋಡಿದ ರಚನೆ ತನ್ನದಾಗುತ್ತದೆ.

ಕೊಡುವವರ ಕಡೆಯಿಂದಲೂ ಆಗಬೇಕಾದ ಕೆಲಸವಿದೆ, ಅದು ಕರ್ನಾಟಕದ ಕೈಯಲ್ಲೇ ಇದೆ. ಸ್ವಾರ್ತ್‌ಮೋರ್‌ನ ಪ್ರಯೋಗ ಆರಂಭವಾದಾಗ ಬಳಸಿದ್ದು ಇಮೇಲ್ ಮತ್ತು ಕಾಲೇಜು ವಿದ್ಯಾರ್ಥಿಗಳ ಬಿಡುವಿನ ವೇಳೆಯನ್ನು. ನಮ್ಮಲ್ಲಿ ಗಣಿತ ಬಿ.ಎಸ್ಸಿ., ಎಂ.ಎಸ್ಸಿ. ಓದುವವರು, ಬಿ.ಇಡಿ. ತರಬೇತಿಯಲ್ಲಿರುವವರು, ನಿವೃತ್ತರಾದರೂ ಲೆಕ್ಕ ಬಿಡದ ಮೇಷ್ಟರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಒಂದು ಕಾಲೇಜಿನ ಗಣಿತ ವಿಭಾಗ ಸುತ್ತಲಿನ ಹತ್ತು ಪ್ರೌಢಶಾಲೆಗಳ ಪ್ರಶ್ನೆಗಳನ್ನು ಮೊಬೈಲಿನಲ್ಲಿ ಪಡೆದು, ಕನ್ನಡದಲ್ಲಿ ಉತ್ತರಿಸುವ ಹೊಣೆ ಹೊತ್ತರೆ ಇದು ಶುರುವಾಗುತ್ತದೆ. ಮೊದಲ ಉತ್ತರದಲ್ಲಿ ಸುಳಿವು ಮಾತ್ರ, ಮಗು ತಿರುಗಿ ಬರೆದ ಮೇಲೆ ಎರಡನೆಯದು, ಪೂರ್ತಿ ಪರಿಹಾರ ಕೊನೆಗೆ ಎಂಬ ನಿಯಮ ಸಾಕು. ಭಾವಿ ಶಿಕ್ಷಕರಿಗೂ ಇದಕ್ಕಿಂತ ಒಳ್ಳೆಯ ತರಬೇತಿ ಸಿಗದು. ಮಕ್ಕಳು ನಿಜವಾಗಿ ಎಲ್ಲಿ ಎಡವುತ್ತಾರೆ ಎಂಬುದು ಅವರ ಪ್ರಶ್ನೆಗಳಲ್ಲೇ ಕಾಣುತ್ತದೆ. ವರ್ಷದ ಕೊನೆಗೆ ಆ ಪ್ರಶ್ನೋತ್ತರಗಳನ್ನು ಅಧ್ಯಾಯವಾರು ವಿಂಗಡಿಸಿ ಎಲ್ಲ ಶಾಲೆಗಳಿಗೆ ಸಿಗುವಂತೆ ಮಾಡಬೇಕು. ತ್ರಿಭುಜಗಳು, ವೃತ್ತಗಳು, ವರ್ಗ ಸಮೀಕರಣಗಳು ಎಂಬ ಅಧ್ಯಾಯಗಳಿಂದ ಈ ಕೆಲಸ ಮೊದಲಾಗಬಹುದು.